ಕಾಲಿಗೆ ಚೆಂಡು ಕಟ್ಟಿದ ಕುರ್ಚಿ

ಕುರ್ಚಿ ಎಂದರೆ ನಮಗೆ ನಾಲ್ಕು ಕಾಲು, ಒರಗಲು ಒಂದು ಬೆನ್ನು. ಇಟಲಿಯ ವಿನ್ಯಾಸಕಾರ ಗೈತಾನೊ ಪೆಶೆ 1969ರಲ್ಲಿ ರೂಪಿಸಿದ ಕುರ್ಚಿಗೆ ಕಾಲೂ ಇಲ್ಲ, ಮರದ ಚೌಕಟ್ಟೂ ಇಲ್ಲ. ಇಡೀ ಕುರ್ಚಿಯೇ ಫೋಮ್. ಅದನ್ನು ಒತ್ತಿ, ಗಾಳಿ ತೆಗೆದು, ಚಪ್ಪಟೆ ಮಾಡಿ ಪ್ಲಾಸ್ಟಿಕ್ ಲಕೋಟೆಯಲ್ಲಿ ಮಾರುತ್ತಿದ್ದರು. ಮನೆಗೆ ತಂದು ಲಕೋಟೆ ಬಿಡಿಸಿದರೆ ಎಣ್ಣೆಗೆ ಬಿಟ್ಟ ಪೂರಿಯಂತೆ ತಾನಾಗಿಯೇ ಉಬ್ಬುತ್ತಿತ್ತು. ಸ್ನಾನ ಮಾಡುವಾಗ ಸ್ಪಂಜನ್ನು ಹಿಂಡಿ ಬಿಟ್ಟಾಗ ಈ ಯೋಚನೆ ಹೊಳೆಯಿತೆಂದು ಪೆಶೆ ಹೇಳಿದ್ದಾರೆ. ಇದರ ಹೆಸರು ಅಪ್-5. ಜೊತೆಗೆ ಕಾಲಿಡಲು ಒಂದು ದೊಡ್ಡ ಚೆಂಡು, ಅದು ಅಪ್-6. ಚೆಂಡನ್ನು ಹಗ್ಗದಿಂದ ಕುರ್ಚಿಗೆ ಕಟ್ಟಿದ್ದಾರೆ.

ಇದರ ಚಿತ್ರವನ್ನು ಮೊಬೈಲ್‌ನಲ್ಲಿ ಮನೆಯವರಿಗೆ ತೋರಿಸಿದೆ. ನನ್ನ ಮಾಮನದು ಕುಶನ್ ಅಂಗಡಿ. ರಿಕ್ಷಾ ಸೀಟು, ಸೋಫಾ ರಿಪೇರಿ ಅವರ ಕೆಲಸ. "ಫ್ರೇಮ್ ಇಲ್ಲದೆ ಎಷ್ಟು ದಿನ ಬಾಳುತ್ತದೆ?" ಎಂದು ಅವರು ಮೊದಲು ಕೇಳಿದರು. 1973ರಲ್ಲಿ ಇದರ ತಯಾರಿಕೆ ನಿಂತು, 2000ದಲ್ಲಿ ಮತ್ತೆ ಶುರುವಾಯಿತು, ಆದರೆ ಹೊಸದು ಲಕೋಟೆಯಿಂದ ಉಬ್ಬಿ ಬರುವುದಿಲ್ಲ ಎಂದೆ. ಮಾಮ ನಕ್ಕರು.

ಉಮ್ಮ ಕೇಳಿದ್ದು ಬೇರೆ. "ಆ ಚೆಂಡು ಕಟ್ಟಿದ್ದು ಯಾಕೆ?"

ಕುರ್ಚಿಯ ಆಕಾರ ಒಬ್ಬ ತಾಯಿಯದು. ಹಿಂದೆ ಕೈದಿಗಳ ಕಾಲಿಗೆ ಕಬ್ಬಿಣದ ಗುಂಡು ಕಟ್ಟುತ್ತಿದ್ದರಲ್ಲ, ಆ ಚೆಂಡು ಅದರ ಗುರುತು. ಜನರ ಪೂರ್ವಗ್ರಹಗಳಿಂದ ಹೆಣ್ಣು ಕೈದಿಯಾಗಿದ್ದಾಳೆ ಎಂಬುದನ್ನು ಪೆಶೆ ಹೀಗೆ ಹೇಳಿದರು. ಇದನ್ನು ವಿವರಿಸಿದಾಗ ಉಮ್ಮ, "ಹಾಗಾದರೆ ಅವಳ ಮೇಲೆಯೇ ಕೂರುವುದಾ?" ಎಂದರು.

ಇಂಥದೇ ಪ್ರಶ್ನೆ ಇಟಲಿಯಲ್ಲೂ ಎದ್ದಿದೆ. 2019ರಲ್ಲಿ, ಕುರ್ಚಿಗೆ ಐವತ್ತು ವರ್ಷವಾದಾಗ, ಮಿಲಾನ್ ನಗರದ ದೊಡ್ಡ ಚೌಕದಲ್ಲಿ ಸುಮಾರು 8 ಮೀಟರ್ ಎತ್ತರದ ಇದೇ ಆಕಾರವನ್ನು, ಮೈತುಂಬ ಬಾಣ ಚುಚ್ಚಿ, ನಿಲ್ಲಿಸಿದ್ದರು. ಮಹಿಳಾ ಸಂಘಟನೆಯವರು ಪ್ರತಿಭಟಿಸಿದರು. ಹೆಣ್ಣನ್ನು ಮತ್ತೊಮ್ಮೆ ವಸ್ತುವಾಗಿ ತೋರಿಸಲಾಗಿದೆ ಎಂಬುದು ಅವರ ಆಕ್ಷೇಪ. ಏಳನೇ ತರಗತಿಗೆ ಶಾಲೆ ಬಿಟ್ಟ ಉಮ್ಮನಿಗೆ ಈ ಸುದ್ದಿ ಗೊತ್ತಿರಲಿಲ್ಲ. ಆದರೂ ಪ್ರಶ್ನೆ ತಾನಾಗಿ ಬಂತು.

"ನಿಮ್ಮ ಚೆಂಡು ಯಾವುದು?" ಎಂದು ನಾನು ಕೇಳಿದೆ. "ಯಾರನ್ನು ದೂರುವುದು? ಶಾಲೆ ದೂರ ಇತ್ತು. ಮನೆಯಲ್ಲಿ ಸಣ್ಣ ಮಕ್ಕಳಿದ್ದರು" ಎಂದರು.

ನಮ್ಮ ಮನೆಯಲ್ಲಿ ಬಂದವರಿಗೆ ಸೋಫಾ ಇದೆ, ಅಬ್ಬನಿಗೆ ಒರಗುವ ಕುರ್ಚಿ ಇದೆ. ಉಮ್ಮ ಹೆಚ್ಚು ಹೊತ್ತು ಕೂರುವುದು ತೆಂಗಿನಕಾಯಿ ತುರಿಯುವ ಮಣೆಯ ಮೇಲೆ. ಅಲ್ಲಿ ಕೂತರೂ ಕೆಲಸವೇ.

ಅಪ್-5 ಪೀಠೋಪಕರಣವೋ ಶಿಲ್ಪವೋ ಎಂಬ ಚರ್ಚೆ ಇದೆ. ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯವೂ ಅದನ್ನು ಇಟ್ಟುಕೊಂಡಿದೆ. ಕೂರಲು ಮಾತ್ರವಾಗಿದ್ದರೆ ಅದು ನಮ್ಮ ಮನೆಯಲ್ಲಿ ಇಷ್ಟು ಮಾತು ಎಬ್ಬಿಸುತ್ತಿರಲಿಲ್ಲ. ಪೆಶೆ ಹೇಳಿದ್ದು ಸರಿಯೆನಿಸುತ್ತದೆ, ಹೇಳಿದ ರೀತಿಗೆ ಉಮ್ಮನ ಆಕ್ಷೇಪವೂ ಸರಿಯೆನಿಸುತ್ತದೆ.

ನಮ್ಮ ತರಗತಿಯ ಅನೇಕ ಹುಡುಗಿಯರು ದಿನಾ ಎರಡು ಬಸ್ಸು ಹಿಡಿದು ಕಾಲೇಜಿಗೆ ಬರುತ್ತಾರೆ. ಶಾಲೆ ದೂರ ಎಂಬ ಕಾರಣ ಅವರನ್ನು ತಡೆಯಲಿಲ್ಲ. ಮನೆಕೆಲಸ ಎಂಬ ಕಾರಣವೂ ತಡೆಯಬಾರದು. ಅದಕ್ಕೆ ಮನೆಯ ಗಂಡುಮಕ್ಕಳೂ ಊಟವಾದ ಮೇಲೆ ತಟ್ಟೆ ಎತ್ತಬೇಕು. ಇದನ್ನು ತಮ್ಮನಿಗೆ ಹೇಳಿದ್ದೇನೆ, ಇಲ್ಲಿಯೂ ಬರೆಯುತ್ತಿದ್ದೇನೆ.

– ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ