ಸೌತ್ ಫೇಸಿಂಗ್ ಆದ್ರೆ ಓಕೆನಾ? (ಭಾಗ 6)

ಬೆಂಗಳೂರಲ್ಲಿ ಬಾಡಿಗೆ ಮನೆ ಹುಡುಕಿರೋರಿಗೆ ಬ್ರೋಕರ್‌ನ ಈ ಪ್ರಶ್ನೆ ಗೊತ್ತಿರುತ್ತೆ. ನಾವು ಓಕೆ ಅಂದ್ವಿ. ಪಕ್ಕದ ಪೂರ್ವದ ಬಾಗಿಲಿನ ಮನೆಗಿಂತ ತಿಂಗಳಿಗೆ 2,000 ರೂಪಾಯಿ ಕಡಿಮೆ. ವರ್ಷಕ್ಕೆ 24,000. ನನ್ನ ಬಿಕಾಂ ಫೀಸ್ ಹೊರಡೋದು ಅಲ್ಲಿಂದಲೇ.

ದಕ್ಷಿಣ ಯಾಕೆ ಬೇಡ ಅಂತೀರಾ? ಅಷ್ಟದಿಕ್ಪಾಲಕರಲ್ಲಿ ಉತ್ತರಕ್ಕೆ ಕುಬೇರ, ದಕ್ಷಿಣಕ್ಕೆ ಯಮ. ಆದ್ರೆ ಒಮ್ಮೆ ಮಲ್ಲೇಶ್ವರದ ಕ್ರಾಸ್‌ಗಳಲ್ಲಿ ನಡೆದು ನೋಡಿ. ಪೂರ್ವ-ಪಶ್ಚಿಮ ಹೋಗೋ ರಸ್ತೇಲಿ ಒಂದು ಸಾಲು ಉತ್ತರ ನೋಡಿದ್ರೆ, ಎದುರಿನ ಸಾಲು ದಕ್ಷಿಣ ನೋಡಲೇಬೇಕು. ಆ ಸಾಲಲ್ಲೂ ಜನ ಬದುಕ್ತಿದ್ದಾರೆ.

ಕಳೆದ ವರ್ಷ ಅಪ್ಪ ಬೈಕಿಂದ ಬಿದ್ದು ಕಾಲು ಮುರ್ಕೊಂಡ್ರು. ರಸ್ತೇಲಿ ಗುಂಡಿ ಇತ್ತು. ನೋಡೋಕೆ ಬಂದ ನೆಂಟರು ಗುಂಡಿ ಬಗ್ಗೆ ಮಾತಾಡ್ಲಿಲ್ಲ, ಬಾಗಿಲ ಬಗ್ಗೆ ಮಾತಾಡಿದ್ರು. ಅದೇ ಮನೇಲಿ ಅಕ್ಕನಿಗೆ ಕೆಲಸ ಸಿಕ್ಕಾಗ ಯಾರೂ ಬಾಗಿಲಿಗೆ ಕ್ರೆಡಿಟ್ ಕೊಟ್ಟಿರಲಿಲ್ಲ. ನಾವು ಕಾಮರ್ಸ್‌ನವರು. ಬರೀ ಡೆಬಿಟ್ ಬರೆದ ಲೆಕ್ಕ ಟ್ಯಾಲಿ ಆಗಲ್ಲ ಅಂತ ನಮಗೆ ಗೊತ್ತು.

ಅಮ್ಮ ಮಾತ್ರ ಹೆದರಿಬಿಟ್ರು. ಮನೆ ಬದಲಾಯಿಸೋಣ ಅಂದ್ರು. ಬದಲಾಯಿಸಿದ್ರೆ ನನ್ನ ಕೊನೇ ವರ್ಷದ ಫೀಸ್ ಕಷ್ಟ, ಅದು ಅವ್ರಿಗೂ ಗೊತ್ತು. ಮೂಢನಂಬಿಕೆ ಅಂತ ನಗೋದು ಸುಲಭ ಕಣ್ರೋ. ಆದ್ರೆ ಒಂದು ಆಕ್ಸಿಡೆಂಟ್‌ಗೆ ಉಳಿತಾಯ ಪೂರ್ತಿ ಖಾಲಿ ಆಗೋ ಮನೇಲಿ, ಭಯಕ್ಕೆ ಹಿಡ್ಕೊಳ್ಳೋಕೆ ಏನಾದ್ರೂ ಬೇಕು. ರಸ್ತೆಯ ಗುಂಡಿ ನಮ್ಮ ಕೈಲಿಲ್ಲ. ಮನೆ ಬಾಗಿಲು ನಮ್ಮ ಕೈಲಿದೆ. ಅದಕ್ಕೇ ತಪ್ಪೆಲ್ಲಾ ಬಾಗಿಲ ತಲೆಗೆ.

ನಾನು ವಾದ ಮಾಡ್ಲಿಲ್ಲ. ದಕ್ಷಿಣಾಮೂರ್ತಿನ ನೆನಪಿಸಿದೆ. ಗುರುವಾಗಿ ಕೂತ ಶಿವ, ದಕ್ಷಿಣಕ್ಕೇ ಮುಖ ಮಾಡಿ ವಿದ್ಯೆ ಹೇಳ್ಕೊಡೋ ದೇವರು. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ರು. ಮಾರನೇ ದಿನ ಬಾಗಿಲ ಮೇಲೆ ಅವನ ಫೋಟೋ ಬಂತು. ನಿಂಬೆಹಣ್ಣು, ಮೆಣಸಿನಕಾಯಿನೂ ಬಂತು. ಇರಲಿ.

ಜೊತೆಗೆ ಬ್ಯಾಂಕಿಗೆ ಹೋಗಿ ಇಬ್ಬರಿಗೂ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಮಾಡಿಸಿದೆ. ವರ್ಷಕ್ಕೆ 20 ರೂಪಾಯಿ, ಅಪಘಾತದಲ್ಲಿ ಜೀವ ಹೋದ್ರೆ 2 ಲಕ್ಷ. ಮುರಿದ ಕಾಲಿನ ಆಸ್ಪತ್ರೆ ಬಿಲ್ ಅದು ಕಟ್ಟಲ್ಲ, ಅದಕ್ಕೆ ಆರೋಗ್ಯ ವಿಮೆ ಬೇರೇನೇ ಬೇಕು. ಅದಕ್ಕೂ ದುಡ್ಡು ಕೂಡಿಡ್ತಿದ್ದೀವಿ. ಮನೆ ಬದಲಾಯಿಸಲಿಲ್ಲ. ಅಮ್ಮ ಈಗ ನಿದ್ದೆ ಮಾಡ್ತಾರೆ. ಫೋಟೋದಿಂದಲೋ, ಪಾಲಿಸಿಯಿಂದಲೋ, ನಾನು ಕೇಳಲ್ಲ.

ನಿಮ್ಮನೇಲಿ ಭಯ ಯಾವ ದಿಕ್ಕಲ್ಲಿದೆ? ಕೆಳಗೆ ಬರೀರಿ. ನಿಂಬೆಹಣ್ಣು ಕಟ್ಟೋರಾದ್ರೆ ಕಟ್ಟಿ, ಆದ್ರೆ ಆ 20 ರೂಪಾಯಿನೂ ಕಟ್ಟಿ.