ಬಟವಾಡೆ ತಡೆದ ಫೈಲು

ನಮ್ಮ ಹಾಲಿನ ಡೇರಿಯ ಹಳೆಯ ಕಂಪ್ಯೂಟರು ಬಟವಾಡೆಯ ಹೊತ್ತಿಗೇ ಕೆಟ್ಟಿತು. ಹಾರ್ಡ್‌ಡಿಸ್ಕ್ ಉಳಿದಿದ್ದರಿಂದ ಯಾರು ಎಷ್ಟು ಲೀಟರು ಹಾಕಿದ್ದಾರೆ, ಫ್ಯಾಟ್ ಎಷ್ಟು, ಬೂಸಾ ಬಾಬ್ತು ಎಷ್ಟು ಮುರಿದುಕೊಳ್ಳಬೇಕು ಎಂಬ ಲೆಕ್ಕವೆಲ್ಲ ಸಿಕ್ಕಿತು. ಆದರೆ ಹೊಸ ಕಂಪ್ಯೂಟರಿನಲ್ಲಿ ಲೆಕ್ಕದ ಪ್ರೋಗ್ರಾಂ ತೆರೆಯಲೊಲ್ಲದು. ‘ಎಂಎಸ್‌ಕಾಮ್‌ಸಿಟಿಎಲ್ ಡಾಟ್ ಓಸಿಎಕ್ಸ್’ ಎಂಬ ಫೈಲು ಇಲ್ಲ, ಇಲ್ಲವೇ ಸರಿಯಾಗಿ ರಿಜಿಸ್ಟರ್ ಆಗಿಲ್ಲ ಎಂದು ಪರದೆಯ ಮೇಲೆ ಬಂತು.

ಆ ಪ್ರೋಗ್ರಾಂ ವಿಶುವಲ್ ಬೇಸಿಕ್ 6ರಲ್ಲಿ ಬರೆದದ್ದು. 1998ರಲ್ಲಿ ಬಂದ ಆ ಭಾಷೆಯ ಮೂಲ ಲೈಬ್ರರಿಯನ್ನು ವಿಂಡೋಸ್ 10 ಕೂಡ ಇಟ್ಟುಕೊಂಡಿದೆ. ಪಟ್ಟಿ, ಟೂಲ್‌ಬಾರ್, ದಿನಾಂಕದ ಚೌಕ ತೋರಿಸುವ ಓಸಿಎಕ್ಸ್ ಫೈಲುಗಳನ್ನು ಮಾತ್ರ ಪ್ರೋಗ್ರಾಮಿನ ಸೆಟಪ್ಪೇ ತಂದು ಹಾಕಬೇಕು. ನಮ್ಮ ಸೆಟಪ್ ಸಿ.ಡಿ. ಎಲ್ಲೂ ಸಿಗಲಿಲ್ಲ. ಬರೆದುಕೊಟ್ಟವರು ಊರು ಬಿಟ್ಟಿದ್ದರು.

ಇಂಟರ್‌ನೆಟ್‌ನಲ್ಲಿ ಪುಕ್ಕಟೆ ಸಿಗುತ್ತದೆ, ಇಳಿಸಿಕೊಳ್ಳಿ ಎಂದರು ಕೆಲವರು. ನಾನು ಒಪ್ಪಲಿಲ್ಲ. ಊರಿನವರೆಲ್ಲರ ಬ್ಯಾಂಕ್ ಖಾತೆ ಇರುವ ಯಂತ್ರಕ್ಕೆ ಯಾರೋ ಎಲ್ಲಿಂದಲೋ ಹಾಕಿದ ಫೈಲನ್ನು ಹೇಗೆ ಸೇರಿಸಲಿ? ಹಳೆಯ ಡಿಸ್ಕಿನ ಸಿಸ್ಟಂ32 ಫೋಲ್ಡರಿನಲ್ಲೇ ಅದು ಇತ್ತು. ಹೊಸದರ ಸಿಸ್ಟಂ32ಗೆ ನಕಲು ಮಾಡಿ, ಕಮಾಂಡ್ ಪ್ರಾಂಪ್ಟಿನಲ್ಲಿ ಫೈಲು ರಿಜಿಸ್ಟರ್ ಮಾಡುವ ರೆಗ್‌ಎಸ್‌ವಿಆರ್32 ಆಜ್ಞೆ ಕೊಟ್ಟೆ. ಫೈಲು ಸಿಗುತ್ತಿಲ್ಲ ಎಂದಿತು. ಫೋಲ್ಡರ್ ತೆರೆದರೆ ಕಣ್ಣೆದುರಿಗೇ ಇದೆ! ಮತ್ತೆ ಕೊಟ್ಟರೂ ಅದೇ ಉತ್ತರ.

ಬೆಳಿಗ್ಗೆ ಕ್ಯಾನ್ ಇಳಿಸುತ್ತ ಒಬ್ಬಾಕೆ, “ಇವತ್ತಾದ್ರೂ ಬಟವಾಡೆ ಆಯ್ತದಾ ಅಣ್ಣ?” ಎಂದು ಕೇಳಿದಳು. ಮಗಳ ಹಾಸ್ಟೆಲ್ ಶುಲ್ಕ ಕಟ್ಟಬೇಕಿತ್ತು. ನನಗೆ ಉತ್ತರ ಹೊರಡಲಿಲ್ಲ.

ಕಾರಣ ಬಿಡಿಸಿ ಹೇಳಿದ್ದು ತಾಲ್ಲೂಕಿನಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಹುಡುಗ. 64 ಬಿಟ್ ವಿಂಡೋಸ್‌ನಲ್ಲಿ ಸಿಸ್ಟಂ32 ಎಂಬುದು 64 ಬಿಟ್ ಫೈಲುಗಳ ಮನೆ. 32 ಬಿಟ್‌ನವು ಇರಬೇಕಾದ್ದು ಸಿಸ್‌ವಾವ್64ನಲ್ಲಿ. ಹೆಸರು ನೋಡಿದರೆ ಯಾರಿಗಾದರೂ ತಿರುವುಮುರುವಾಗಿಯೇ ತೋರುತ್ತದೆ. ಹಳೆಯ 32 ಬಿಟ್ ಪ್ರೋಗ್ರಾಂ ಸಿಸ್ಟಂ32 ಎಂದು ಕೇಳಿದರೆ ವಿಂಡೋಸ್ ಅದನ್ನು ಸದ್ದಿಲ್ಲದೆ ಸಿಸ್‌ವಾವ್64ಗೆ ಕಳಿಸುತ್ತದೆ. ಅಲ್ಲಿ ನಮ್ಮ ಫೈಲು ಇರಲಿಲ್ಲ, ಅದಕ್ಕೇ ಕಾಣಿಸಲಿಲ್ಲ.

ಫೈಲನ್ನು ಅಲ್ಲಿಗೆ ಸೇರಿಸಿ, ಕಮಾಂಡ್ ಪ್ರಾಂಪ್ಟನ್ನು ಬಲಕ್ಲಿಕ್ಕಿನಿಂದ ಅಡ್ಮಿನಿಸ್ಟ್ರೇಟರ್ ಆಗಿ ತೆರೆದು, ಸಿಸ್‌ವಾವ್64ನಲ್ಲೇ ಇರುವ ರೆಗ್‌ಎಸ್‌ವಿಆರ್32ರಿಂದ ರಿಜಿಸ್ಟರ್ ಮಾಡಿಸಿದ. ಯಶಸ್ವಿಯಾಯಿತು ಎಂಬ ಪುಟ್ಟ ಕಿಟಕಿ ಬಂತು. ಪ್ರೋಗ್ರಾಂ ಮುಂದಿನ ಫೈಲು ಕೇಳಿತು, ದಿನಾಂಕದ ಚೌಕದ್ದು. ಆಮೇಲೆ ಗ್ರಿಡ್ಡಿನದು. ಎರಡೂ ಹಳೆಯ ಡಿಸ್ಕಿನಲ್ಲಿ ಸಿಕ್ಕವು.

ಆವತ್ತೇ ಸಂಜೆ ಬಟವಾಡೆ ಪಟ್ಟಿ ಪ್ರಿಂಟಾಯಿತು. ಆ ಫೈಲುಗಳನ್ನು ಪೆನ್‌ಡ್ರೈವಿಗೆ ಹಾಕಿ, ಆಜ್ಞೆಗಳನ್ನು ಹಾಳೆಯಲ್ಲಿ ಬರೆದು ಸಂಘದ ಬೀರುವಿನಲ್ಲಿ ಇಟ್ಟಿದ್ದೇನೆ. ಪಕ್ಕದೂರಿನ ಡೇರಿಯಲ್ಲೂ ಇದೇ ಪ್ರೋಗ್ರಾಂ ಇದೆ, ಅವರಿಗೂ ಒಂದು ಪ್ರತಿ ಕೊಟ್ಟುಬಂದೆ.