ಹತ್ತು ವರ್ಷ ತಡವಾದ ಯಾತ್ರೆ

ಮಿರಜ ಜಂಕ್ಷನ್ನಿನಲ್ಲಿ ರಾತ್ರಿಯ ರೈಲಿಗಾಗಿ ಕಾದು ಕುಳಿತಿದ್ದ ಆ ನಿವೃತ್ತ ದಾದಿಯ ಕೈಚೀಲದಲ್ಲಿ ಒಂದು ಮೇಣದ ಬತ್ತಿ ಇತ್ತು. ಹತ್ತು ವರ್ಷಗಳ ಹಿಂದೆ ಅವರ ಪತಿ ಹಳೆಯ ಗೋವೆಯಿಂದ ತಂದ ಬತ್ತಿ ಅದು. ಒಮ್ಮೆಯೂ ಹೊತ್ತಿಕೊಳ್ಳದೆ ಕಪಾಟಿನಲ್ಲಿ ಉಳಿದಿತ್ತು. ಸಂತ ಫ್ರಾನ್ಸಿಸ್ ಝೇವಿಯರರ ಪಾರ್ಥಿವ ಶರೀರದ ದಶವಾರ್ಷಿಕ ದರ್ಶನವು 2024ರ ನವೆಂಬರ್ 21ರಂದು ಆರಂಭವಾಗಿತ್ತು. ಡಿಸೆಂಬರ್ 3ರ ಹಬ್ಬ ಮುಗಿದ ಮರುವಾರ, ಕಾಲೇಜು ಓದುವ ಮೊಮ್ಮಗನನ್ನು ಜೊತೆಗೆ ಕರೆದುಕೊಂಡು ಅವರು ಹೊರಟಿದ್ದರು.

ಜತ್ತ ತಾಲೂಕಿನ ಕನ್ನಡ ಮನೆತನದಲ್ಲಿ ಹುಟ್ಟಿದ ಅವರು ದಾದಿಯ ತರಬೇತಿಗೆಂದು ಮಿರಜಕ್ಕೆ ಬಂದು ಅಲ್ಲಿಯೇ ನೆಲೆನಿಂತವರು. 1894ರಲ್ಲಿ ಡಾ. ವಿಲಿಯಂ ವಾನ್ಲೆಸ್ ಇಲ್ಲಿ ತೆರೆದ ಆಸ್ಪತ್ರೆಯ ಸುತ್ತ ಬೆಳೆದ ಮಿಷನ್ ಪರಂಪರೆ ಅವರದು. ಆ ಸಭೆಯಲ್ಲಿ ಪ್ರತಿಮೆಯಿಲ್ಲ, ಹರಕೆಯಿಲ್ಲ, ವಾಕ್ಯವೇ ಸರ್ವಸ್ವ. ಪತಿಯಾದರೋ ಖಾನಾಪುರದ ಕಡೆಯ ಕಥೋಲಿಕರು. ಸಂತರನ್ನು ‘ಗೋಂಯ್ಚೊ ಸಾಯಬ್’, ಅಂದರೆ ಗೋವೆಯ ಒಡೆಯ ಎಂದೇ ಕರೆಯುತ್ತಿದ್ದರು. ಭಾನುವಾರ ಇಬ್ಬರೂ ಬೇರೆಬೇರೆ ದೇವಾಲಯಗಳಿಗೆ ಹೋಗಿ ಒಂದೇ ಮನೆಗೆ ಮರಳುತ್ತಿದ್ದರು. 2014ರ ದರ್ಶನಕ್ಕೆ ಪತಿ ಕರೆದಾಗ ಅವರು, “ಸತ್ತವರ ಮೈ ನಾ ದಿನಾ ನೋಡೇನಿ, ಅದರಾಗ ದರ್ಶನ ಎಂಥಾದ್ದು?” ಎಂದುಬಿಟ್ಟರು. ಪತಿ ಒಬ್ಬರೇ ಹೋಗಿ ಬಂದು, ಈ ಬತ್ತಿಯನ್ನೂ ಜಾತ್ರೆಯ ಖಾಜೆಯ ಪೊಟ್ಟಣವನ್ನೂ ಮೌನವಾಗಿ ಮೇಜಿನ ಮೇಲಿಟ್ಟರು. ಖಾಜೆಯನ್ನು ಮನೆಮಂದಿ ತಿಂದು ಮುಗಿಸಿದರು. ಮುಂದಿನ ದರ್ಶನದ ಹೊತ್ತಿಗೆ ಪತಿ ಇರಲಿಲ್ಲ.

ಬೆಳಗಾವಿ, ಲೋಂಡಾ ದಾಟಿ ಕ್ಯಾಸಲ್‌ರಾಕ್‌ನಿಂದ ರೈಲು ಘಟ್ಟ ಇಳಿಯುವಾಗ ಹೊರಗೆಲ್ಲ ಕತ್ತಲು. ದೂಧಸಾಗರ ಬಂದದ್ದೂ ಹೋದದ್ದೂ ತಿಳಿಯಲಿಲ್ಲ. ಮಡಗಾವಿನಲ್ಲಿ ಇಳಿದು ಬಸ್ಸು ಹಿಡಿದು ಹಳೆಯ ಗೋವೆಯನ್ನು ಮುಟ್ಟುವಷ್ಟರಲ್ಲಿ ಬಿಸಿಲೇರಿತ್ತು. ಶರೀರವನ್ನು ಬೊಂ ಜೆಜು ಬಸಿಲಿಕಾದಿಂದ ಎದುರಿನ ಸೆ ಕೆಥೆಡ್ರಲ್ಲಿಗೆ ತಂದಿರಿಸಲಾಗಿತ್ತು. ಸಾಲಿನಲ್ಲಿ ಜಪಮಾಲೆ ಹಿಡಿದವರ ನಡುವೆ ಕುಂಕುಮವಿಟ್ಟ ಹೆಂಗಸರಿದ್ದರು, ಟೋಪಿ ಧರಿಸಿದ ಮುಸಲ್ಮಾನ ವೃದ್ಧರೊಬ್ಬರಿದ್ದರು. ದಾದಿಗೆ ಇದು ಹೊಸತೆನಿಸಲಿಲ್ಲ. ಉಸ್ತಾದ್ ಅಬ್ದುಲ್ ಕರೀಂ ಖಾನರು ಮಣ್ಣಾಗಿರುವ ಮಿರಜದ ಮೀರಾಸಾಹೇಬ ದರ್ಗಾದಲ್ಲಿಯೂ ಎಲ್ಲ ಮತದವರೂ ಹೀಗೆಯೇ ನೆರೆಯುವುದನ್ನು ಅವರು ಕಂಡಿದ್ದರು.

ಸಾಲು ನಿಧಾನವಾಗಿ ಸರಿಯುತ್ತಿದ್ದಾಗ ಮೊಮ್ಮಗ ಮೊಬೈಲಿನಲ್ಲಿ ಚರಿತ್ರೆಯನ್ನು ಓದಿ ಹೇಳುತ್ತ ಬಂದ. ಸಂತರು 1552ರ ಡಿಸೆಂಬರ್ 3ರಂದು ಚೀನಾ ತೀರದ ಶಾಂಗ್‌ಚುವಾನ್ ದ್ವೀಪದಲ್ಲಿ ತೀರಿಕೊಂಡರು. ಮಾಂಸ ಬೇಗ ಕರಗಿ ಎಲುಬನ್ನಾದರೂ ಒಯ್ಯುವಂತಾಗಲೆಂದು ಶವಪೆಟ್ಟಿಗೆಗೆ ಸುಣ್ಣ ತುಂಬಿದ್ದರು. ತಿಂಗಳುಗಳ ಬಳಿಕ ಅಗೆದಾಗ ದೇಹ ಕೆಟ್ಟಿರಲಿಲ್ಲ. ಮಲಾಕ್ಕಾದ ಮಾರ್ಗವಾಗಿ 1554ರಲ್ಲಿ ಅದು ಗೋವೆಗೆ ಬಂದಿತು.

“ಆಯಿ, ಇದು ಖರೇನ ಪವಾಡ ಏನ?”

“ಸುಣ್ಣ ಒಮ್ಮೊಮ್ಮೆ ನೀರು ಹೀರಿ ಮೈ ಒಣಗಿಸಿ ಉಳಸತೈತಿ. ನಂಬೋರಿಗೆ ಪವಾಡ. ನಾ ಏನ ಹೇಳಲಿ?”

ಗಾಜಿನ ಪೆಟ್ಟಿಗೆಯ ಮುಂದೆ ನಿಲ್ಲಲು ದೊರೆತದ್ದು ಕೆಲವೇ ಕ್ಷಣ. ಕಪ್ಪಾಗಿ ಒಣಗಿದ, ಮಗುವಿನದರಂತೆ ಕುಗ್ಗಿದ ದೇಹ. ಬಲಗೈ ಇರಲಿಲ್ಲ, 1614ರಲ್ಲಿ ಆ ಮುಂಗೈಯನ್ನು ರೋಮಿಗೆ ಕಳುಹಿಸಲಾಗಿತ್ತು. ದಾದಿ ಅಭ್ಯಾಸಬಲದಿಂದ ಮೊದಲು ಪಾದಗಳನ್ನು ನೋಡಿದರು, ಆಮೇಲೆ ಮುಖವನ್ನು. ಕೈಮುಗಿಯಲಿಲ್ಲ. ಸ್ವಯಂಸೇವಕರು ಮುಂದೆ ನಡೆಯುವಂತೆ ಸನ್ನೆ ಮಾಡಿದರು.

ಬಳಿಕ ಕೆಥೆಡ್ರಲ್ಲಿನ ಪವಾಡದ ಶಿಲುಬೆಯನ್ನು ಕಂಡರು. ಅದು ಬೆಳೆಯುತ್ತಿದೆಯೆಂದು ಭಕ್ತರ ನಂಬಿಕೆ. ಹೊರಗೆ ನೆರಳಿನಲ್ಲಿ ಕುಳಿತಾಗ ಮೊಮ್ಮಗ ಓದು ಮುಂದುವರಿಸಿದ. 1542ರ ಮೇ ತಿಂಗಳಲ್ಲಿ ಗೋವೆಗೆ ಬಂದಿಳಿದ ಝೇವಿಯರರು ಇಲ್ಲಿಯ ಆಸ್ಪತ್ರೆಯಲ್ಲಿಯೇ ವಾಸಮಾಡಿ ರೋಗಿಗಳ ಸೇವೆ ಮಾಡಿದರು. ಊರ ಹೊರಗಿನ ಕುಷ್ಠರೋಗಿಗಳ ಬಳಿಗೂ ಹೋಗುತ್ತಿದ್ದರು.

ದಾದಿ ತಲೆಯೆತ್ತಿದರು. ಕುಷ್ಠರೋಗಿಗಳ ವ್ರಣಗಳಿಗೆ ಎಷ್ಟೋ ವರ್ಷ ಪಟ್ಟಿ ಕಟ್ಟಿದ ಕೈಗಳು ಅವರವು.

“ಇವರು ದವಾಖಾನ್ಯಾಗ ಇದ್ರು ಅಂತ ನಿಮ್ಮ ಅಜ್ಜ ನನಗ ಒಮ್ಮೆನೂ ಹೇಳಲಿಲ್ಲಲ್ಲೋ!”

“ಹೇಳಾಕ ನೀ ಎಲ್ಲಿ ಬಿಟ್ಟಿ, ಆಯಿ?”

ಹುಡುಗ ನಗುತ್ತಲೇ ಆಡಿದ ಮಾತು. ಆದರೆ ಅವರು ಬಹಳ ಹೊತ್ತು ಏನನ್ನೂ ಆಡಲಿಲ್ಲ. ಆಮೇಲೆ ಎದ್ದು, ಬತ್ತಿಗಳನ್ನು ಹಚ್ಚುವ ಜಾಗಕ್ಕೆ ಹೋಗಿ, ಹಳದಿಗಟ್ಟಿದ ಆ ಬತ್ತಿಯನ್ನು ಪಕ್ಕದ ಜ್ವಾಲೆಗೆ ಹಿಡಿದರು. ಹಳೆಯ ಬತ್ತಿಯಾದುದರಿಂದ ಹೊತ್ತಿಕೊಳ್ಳಲು ತಡವಾಯಿತು. ಅದು ಸ್ಥಿರವಾಗಿ ಉರಿಯುವವರೆಗೆ ಅಂಗೈ ಮರೆಮಾಡಿ ನಿಂತರು. ಸಂತರಿಗೆ ಪ್ರಾರ್ಥನೆ ಸಲ್ಲಿಸಲಿಲ್ಲ. ಪತಿಯ ಹೆಸರನ್ನು ಮಾತ್ರ ಉಚ್ಚರಿಸಿದರು.

ಮರಳುವಾಗ ಹಗಲಿನ ಬೆಳಕಿತ್ತು. ದೂಧಸಾಗರದ ಸೇತುವೆಯ ಮೇಲೆ ರೈಲು ಮೆಲ್ಲಗೆ ಸಾಗಿದಾಗ, ಮುನ್ನೂರು ಮೀಟರಿಗೂ ಮಿಕ್ಕಿದ ಎತ್ತರದಿಂದ ಬಿಳಿಯ ಧಾರೆ ಬಂಡೆಯಿಂದ ಬಂಡೆಗೆ ಮುರಿದು ಬೀಳುತ್ತಿರುವುದು ಕಿಟಕಿಯ ತುಂಬ ಕಾಣಿಸಿತು. ಪತಿ ಇದನ್ನು ವರ್ಣಿಸಿದಾಗಲೆಲ್ಲ ಅವರು ಉತ್ಪ್ರೇಕ್ಷೆಯೆಂದು ತಳ್ಳಿಹಾಕುತ್ತಿದ್ದರು. ಪತಿ ಹೇಳಿದ್ದಕ್ಕಿಂತ ಅದು ದೊಡ್ಡದಾಗಿಯೇ ಇತ್ತು.

ಮನೆಗೆ ಬಂದೊಡನೆ ಖಾಜೆಯ ಪೊಟ್ಟಣವನ್ನು ಅದೇ ಮೇಜಿನ ಮೇಲಿಟ್ಟು ಮೊಮ್ಮಗನಿಗೆ ಹೇಳಿದರು: “ಇನ್ನ ಹತ್ತು ವರ್ಷಕ್ಕ ನಾ ಇರ್ತೀನೋ ಇಲ್ಲೋ. ನೀ ಹೋಗು, ಹೆಂಡತೀನೂ ಕರಕೊಂಡು ಹೋಗು. ಬರೂದಿಲ್ಲ ಅಂದ್ರ ಸಿಟ್ಟಾಗಬ್ಯಾಡ, ಇನ್ನೊಮ್ಮೆ ಕರಿ.”